ಹರಳಿನ ಮೇಲೆ ಹೆಬ್ಬೆರಳು

ಫ್ರೀಮ್ಯಾಂಟಲ್
ಮಾರ್ಚ್ 9, 2003

ಪ್ರೀತಿಯ ಐಲ್ಸಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದ ಈ ಅಕ್ಕನನ್ನು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಹೋಬಾರ್ಟಿನಲ್ಲಿ ಆಗಲೇ ಚಳಿಯೇ? ಇಲ್ಲಿ ಸಂಜೆ ಕಡಲಗಾಳಿ ಬೀಸಿದ ಮೇಲೆಯೇ ಜೀವ ಬರುವುದು.

ನಿನ್ನ ಭಾವ ಆಲಿಸ್ಟರ್‌ಗೆ ಪ್ರಯೋಗಾಲಯದ ಆ ಡಬ್ಬಿಯೇ ಸಂಸಾರ. ರೇಡಾರಿನೊಳಗೆ ಕೂರಿಸುವ ಅಂಗೈಯಗಲದ ಡಬ್ಬಿ. ಒಳಗೋಡೆಗೆ, ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕದ ಲೇಪ, ನಡುವೆ ನೀಲಮಣಿಯ ಹರಳು. ಹೆಸರಿಗಷ್ಟೇ ನೀಲಿ, ನೋಡಿದರೆ ನೀರಿನಷ್ಟು ತಿಳಿ. ದ್ರವ ಸಾರಜನಕದಲ್ಲಿ ತಣಿಸಿದರೆ ಗೋಡೆ ಕಂಪನವನ್ನು ನುಂಗುವುದಿಲ್ಲವಂತೆ. ಆಗ ಹರಳು ಬಾರಿಸಿದ ಗಂಟೆಯ ಹಾಗೆ ಒಂದೇ ಸ್ವರ ಹಿಡಿದು ನಿಲ್ಲುತ್ತದಂತೆ.

"ಸ್ವರ ಶುದ್ಧ ಇದ್ರೆ ಅಲೆ ಯಾವುದು, ದೋಣಿ ಯಾವುದು ಅಂತ ರೇಡಾರ್‌ಗೆ ಗೊತ್ತಾಗುತ್ತೆ ಕಣೇ," ಎನ್ನುತ್ತಾನೆ. ಎದ್ದ ಕಡಲಿನಲ್ಲಿ ಪುಟ್ಟ ದೋಣಿಯೊಂದು ಕಾಣಬೇಕು. ಮೂರು ವರ್ಷದಿಂದ ಅದೊಂದೇ ಹಟ.

ಅಲ್ಲಿ ಒಂದು ಕಟ್ಟಳೆ ಇದೆ. ಬೆರಳಿನ ಜಿಡ್ಡು ತಾಗಿದರೆ ಸ್ವರ ಬೇಗ ಸಾಯುತ್ತದೆ. ಅದಕ್ಕೇ ಹರಳನ್ನು ಬರಿಗೈಯಲ್ಲಿ ಮುಟ್ಟಿದವರು ಎಲ್ಲರಿಗೂ ಲ್ಯಾಮಿಂಗ್ಟನ್ ಕೇಕ್ ತಿನ್ನಿಸಬೇಕು. ಕಟ್ಟಳೆ ಮಾಡಿದವನೇ ಆಲಿಸ್ಟರ್. ಹೋದ ತಿಂಗಳ ಪರೀಕ್ಷೆಯಲ್ಲಿ ದೋಣಿ ಕಾಣಲೇ ಇಲ್ಲ. ಜೊತೆಯಲ್ಲಿ ಕೆಲಸ ಮಾಡುವ ಥುಯ್ ಡಬ್ಬಿ ಬಿಚ್ಚಿದರೆ, ಹರಳಿನ ಮೇಲೆ ಹೆಬ್ಬೆರಳಿನ ಗುರುತು!

"ಯಾರದ್ದು ಅಂತ ಕೇಳ್ಬೇಕಾ ಮೇಷ್ಟ್ರೇ? ಇಷ್ಟು ದಪ್ಪ ಬೆರಳು ಇಲ್ಲಿ ಇನ್ಯಾರಿಗಿದೆ?" ಎಂದಳಂತೆ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಎರಡು ತಟ್ಟೆ ಲ್ಯಾಮಿಂಗ್ಟನ್ ಮಾಡಿ ಕಳಿಸಿದೆ. ಎಲ್ಲರೂ ನಕ್ಕರಂತೆ, ಅವನೊಬ್ಬ ನಗಲಿಲ್ಲ.

ಹರಳನ್ನು ತೊಳೆದು, ಮತ್ತೆ ಕೂರಿಸಿ, ಮೊನ್ನೆ ಗುರುವಾರ ಎರಡನೇ ಪರೀಕ್ಷೆ. ಈ ಸಲ ದೋಣಿಯಲ್ಲಿ ತಾನೇ ಕೂರುತ್ತೇನೆಂದು ಹೊರಟ. "ಅರವತ್ತು ದಾಟಿದವರಿಗೆ ಯಾಕ್ರೀ ಈ ಸಾಹಸ?" ಎಂದು ಥುಯ್ ಗದರಿದರೂ ಕೇಳಲಿಲ್ಲ. ನಾನು ದಡದ ರೇಡಾರ್ ಕೋಣೆಯಲ್ಲಿ ಅವಳ ಪಕ್ಕ ನಿಂತಿದ್ದೆ. ಕಿಟಕಿಯಾಚೆ ಬರೀ ಬಿಳಿನೊರೆ, ಕಣ್ಣಿಗೆ ದೋಣಿಯೇ ಇಲ್ಲ. ಪರದೆಯ ಮೇಲೆ ಮಾತ್ರ ಒಂದು ಚುಕ್ಕೆ, ಅಲೆಗಳ ನಡುವೆ ಸ್ಪಷ್ಟವಾಗಿ, ಅಲ್ಲಾಡದೆ.

"ಕಾಣಿಸ್ತಿದ್ದೀರಿ ಮೇಷ್ಟ್ರೇ!" ಎಂದು ಥುಯ್ ರೇಡಿಯೋದಲ್ಲಿ ಕೂಗಿದಳು.

"ಇನ್ನೊಂದ್ಸಲ ಹೇಳು."

"ಕಾಣಿಸ್ತಿದ್ದೀರಿ!"

"ಇನ್ನೊಂದ್ಸಲ."

"ಕಿವಿಗೂ ನೀರು ಹೊಕ್ಕಿತಾ?" ಎಂದು ಅವಳು ನಕ್ಕಳು. ನಾನು ಗಂಡನನ್ನು ಹೊಗಳುವವಳಲ್ಲ, ನಿನಗೆ ಗೊತ್ತು. ಆದರೆ ಆ ಚುಕ್ಕೆ ನೋಡುತ್ತ, ಇಂಥವನ ಕೈಹಿಡಿದೆನಲ್ಲ ಎಂದು ಎದೆ ತುಂಬಿ ಬಂತು.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಮೊಣಕಾಲು ಬೇಗ ಹುಷಾರಾಗಲಿ, ದೇವರು ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಅಕ್ಕ,
ಮೊರಾಗ್

ಮರೆತ ಮಾತು: ಪ್ರಯೋಗಾಲಯದಲ್ಲಿ ಯಾರಿಗೂ ತಿಳಿಯದು, ಆ ದೋಣಿ ನಮ್ಮ ರೋರಿಯ ದೋಣಿಯಷ್ಟೇ ಉದ್ದ, ಅದೇ ಬಿಳಿ ಬಣ್ಣ. ಮೂರು ವರ್ಷದ ಹಿಂದೆ, ಕಡಲೆದ್ದ ಆ ದಿನ, ಹುಡುಕಿ ಹೋದ ಹಡಗು ನಮ್ಮ ಮಗನ ಹತ್ತಿರವೇ ಹಾದುಹೋಗಿತ್ತಂತೆ. ರೇಡಾರಿನಲ್ಲಿ ಅಲೆ ಬಿಟ್ಟು ಬೇರೇನೂ ಕಾಣಲಿಲ್ಲವಂತೆ. ಗುರುವಾರ ಮನೆಗೆ ಬಂದು ಒದ್ದೆ ಬೂಟು ಬಿಚ್ಚುತ್ತ ಆಲಿಸ್ಟರ್, "ಕಾಣಿಸ್ತಿದ್ದೀರಿ ಅಂತ ಥುಯ್ ಹೇಳಿದ್ಲಲ್ಲ, ನೀನೂ ಒಂದ್ಸಲ ಹೇಳು," ಎಂದ. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ, ಐಲ್ಸಾ.