ಸಕ್ಕರೆ ಹಾಕದ ಕೇಜಾದ

ಮೋರಾ
ನವೆಂಬರ್ 9, 1983

ಪ್ರೀತಿಯ ಫೆಲಿಸ್ಮಿನಾ ಅಕ್ಕನಿಗೆ,

ನಿನ್ನೆ ಮಧ್ಯಾಹ್ನ ಆಸ್ಪತ್ರೆ ಮುಂದಿನ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಾ ಕೂತವಳಿಗೆ ಕಣ್ಣು ಹತ್ತಿ ಕೆಟ್ಟ ಕನಸು ಬಿತ್ತು. ನಮ್ಮ ಒಲೆಯ ಬಾಗಿಲು ತೆಗೆಯುತ್ತೇನೆ, ಹನ್ನೆರಡು ಅಚ್ಚುಗಳಲ್ಲೂ ಕೇಜಾದ, ಅದೇ ನಮ್ಮ ಹಾಲು ಮೊಟ್ಟೆಯ ಸಿಹಿ, ಉಬ್ಬಿ ನಿಂತಿವೆ. ಹೊರಗೆ ತೆಗೆದ ಮೇಲೆ ನಡು ಇಳಿಯಬೇಕಲ್ಲ, ಇಳಿಯುವುದಿಲ್ಲ. ಅಚ್ಚು ಮೀರಿ, ತಟ್ಟೆ ಮೀರಿ ಊದುತ್ತಲೇ ಹೋಗುತ್ತವೆ. ಕಾಸಿಮಿರೊ, ಮದುವೆಯಾದ ಹೊಸತರಲ್ಲಿ ಕಾಯುತ್ತಿದ್ದ ಹಾಗೇ, ಮೇಜಿನ ಹತ್ತಿರ ಕೈ ಚಾಚಿಕೊಂಡು ಕಾಯುತ್ತಿದ್ದಾನೆ. ಎಚ್ಚರವಾದಾಗ ಬಸ್ಸು ಹೋಗಿಬಿಟ್ಟಿತ್ತು.

ಅದಕ್ಕೇ ಇವತ್ತು ಬರೆಯಲು ಕೂತೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ, ಬೈದುಕೊಳ್ಳಬೇಡ. ಎರಡನೇ ತರಗತಿಗೇ ಶಾಲೆ ಬಿಟ್ಟವಳಿಗೆ ಒಂದು ಪುಟ ತುಂಬಿಸಲು ಒಂದು ಬೆಳಗು ಬೇಕು. ಲಿಯೋನಿನಲ್ಲಿ ಚಳಿ ಶುರುವಾಯಿತೆ? ಅಲ್ಲಿನ ಆಸ್ಪತ್ರೆಯ ನೆಲ ಒರೆಸುವಾಗ ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತೀಯೋ ಇಲ್ಲವೋ ಎಂದು ಅದೊಂದು ಯೋಚನೆ ಬೇರೆ.

ಸುದ್ದಿ ಒಳ್ಳೆಯದಲ್ಲ. ಜುಲೈನಲ್ಲಿ ಕಾರ್ಕ್ ಮರದ ತೊಗಟೆ ಸುಲಿಯಲು ಹೋದಾಗ ಕಾಸಿಮಿರೊಗೆ ಬೂಟು ಕಚ್ಚಿತ್ತಲ್ಲ, ಆ ಗಾಯ ಮಾಯಲೇ ಇಲ್ಲ. ಹೆಬ್ಬೆರಳು ಕಪ್ಪಾಯಿತು, ಸೆಪ್ಟೆಂಬರಿನಲ್ಲಿ ಬೆರಳು ತೆಗೆದರು. ಈಗ ಕಪ್ಪು ಪಾದಕ್ಕೆ ಹತ್ತಿದೆ. ಮೂರು ವಾರದಿಂದ ಆಸ್ಪತ್ರೆಯಲ್ಲೇ ಇದ್ದಾನೆ. ಪಕ್ಕದ ಮಂಚದಲ್ಲಿ ಒಂದೇ ಕಾಲಿನ ಮುದುಕನೊಬ್ಬ ಇದ್ದಾನೆ. "ಏ ಕಾಸಿಮಿರೊ, ಯಾವ ಕಾಲು ತೆಗೀತಾರೋ ಮೊದ್ಲೇ ಹೇಳಪ್ಪ. ಎಡದ್ದಾದ್ರೆ ಆ ಬೂಟು ನಂಗಿರಲಿ" ಅನ್ನುತ್ತಾನೆ. ಇವನು "ಮೊದ್ಲು ನಿನ್ನ ಕಾಲು ತೊಳ್ಕೊಳೋ, ಆಮೇಲೆ ಬೂಟು" ಅನ್ನುತ್ತಾನೆ. ಇಬ್ಬರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ ಅಕ್ಕ.

ಈಸ್ಟರ್ ಹೊತ್ತಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ನಮ್ಮೂರ ಡಾಕ್ಟರು ನನ್ನನ್ನೇ ಕರೆದು ಹೇಳಿದ್ದರು. "ಹಾಲು ಕುಡೀಲಿ, ಮೊಟ್ಟೆ ತಿನ್ಲಿ. ಸಕ್ಕರೆ ಮಾತ್ರ ಮನೇಲಿ ಇರಕೂಡದಮ್ಮ." ಅವತ್ತೇ ಸಕ್ಕರೆಯೆಲ್ಲ ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಆದರೆ ಭಾನುವಾರ ಬಂತಲ್ಲ. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ನಾನು ಕೇಜಾದ ತಪ್ಪಿಸಿದವಳಲ್ಲ. ಹಾಲಿಗೆ ನಿಂಬೆ ಸಿಪ್ಪೆ ಹಾಕಿ ಕಾಯಿಸಿದೆ, ಮೊಟ್ಟೆ, ಹಿಟ್ಟು, ಬೆಣ್ಣೆ ಎಲ್ಲ ಅದೇ ಅಳತೆ, ಸಕ್ಕರೆ ಮಾತ್ರ ಇಲ್ಲ. ಒಂದು ತುತ್ತು ಕಚ್ಚಿ ಕೆಳಗಿಟ್ಟ. "ಇದೇನೇ ಎತೆಲ್ವಿನಾ, ಗೋಡೆಗೆ ಬಳಿಯೋ ಸುಣ್ಣ ಬೇಯಿಸಿದ್ದೀಯಾ?" ಎಂದ. ಜಗಳವಾಡಲಿಲ್ಲ. ಎದ್ದು ಹೋಗಿ ಹಿತ್ತಲಿಗೆ ಮುಖ ಮಾಡಿ ಕೂತ. ಅವತ್ತು ಸೂಪೂ ಮುಟ್ಟಲಿಲ್ಲ, ಮಾರನೇ ದಿನವೂ ಇಲ್ಲ. ಕುಡಿಯದ, ಹೊಡೆಯದ ಗಂಡ. ಕೇಳುತ್ತಿದ್ದುದು ವಾರಕ್ಕೆ ಮೂರು ಕೇಜಾದ.

ಆಗ ಅಂಗಡಿಯಲ್ಲಿ ಡಬ್ಬಿಯ ಗಟ್ಟಿಹಾಲು ಕಂಡಿತು. ಮೇಲೆ ಹಸುವಿನ ಚಿತ್ರ. ಹಾಲು ಗಟ್ಟಿಯಿದ್ದರೂ ಹಾಲೇ ತಾನೆ, ಡಾಕ್ಟರು ಹಾಲು ಬೇಡ ಎಂದಿರಲಿಲ್ಲವಲ್ಲ, ಎಂದುಕೊಂಡೆ. ಅದನ್ನೇ ಹಾಕಿದೆ. ಅವನಿಗೆ ಮಾತ್ರ, ಮೂರು ಗಂಟೆ ಹೊತ್ತು ಹಾಲು ಕುದಿಸಿ ಇಂಗಿಸಿದ್ದೇನೆ, ಅದಕ್ಕೇ ತಾನಾಗಿ ಸಿಹಿ ಬಂದಿದೆ ಎಂದೆ. ನಂಬಿದ. ಮೂರನ್ನೂ ತಿಂದು ಅಚ್ಚಿನ ಅಂಚು ಕೆರೆದು ನೆಕ್ಕಿದ. ಊರೆಲ್ಲ ಹೇಳಿಕೊಂಡು ಬಂದ. "ಸಕ್ಕರೆ ಕಾರ್ಖಾನೆಯೋರು ಬಂದು ನನ್ನ ಹೆಂಡ್ತಿ ಹತ್ರ ಪಾಠ ಹೇಳಿಸ್ಕೊಳ್ಲಿ" ಎಂದನಂತೆ.

ಹೋದ ಗುರುವಾರ ಆಸ್ಪತ್ರೆಯ ದೊಡ್ಡ ಡಾಕ್ಟರು ರಕ್ತದ ಚೀಟಿ ಹಿಡಿದು ಬಂದರು. "ಕಾಸಿಮಿರೊ ಅವರೇ, ಕದ್ದು ಸಿಹಿ ತಿಂತಿದ್ದೀರಿ ನೀವು" ಎಂದರು. ಇವನು ಮಂಚದಲ್ಲಿ ಎದ್ದು ಕೂತ. "ತೀರಿಕೊಂಡ ನಮ್ಮಮ್ಮನ ಆಣೆ ಡಾಕ್ಟ್ರೇ. ಈಸ್ಟರಿನಿಂದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ." ಡಾಕ್ಟರು ನನ್ನ ಕಡೆ ನೋಡಿದರು. ಹೌದು ಎಂದು ತಲೆಯಾಡಿಸಿದೆ.

ಅವರು ಚೀಟಿ ಮಡಿಸಿ ಜೇಬಿಗಿಟ್ಟರು. ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು. "ತಿಂದಿದ್ದೀನಿ ಅಂದಿದ್ರೆ ನಿಲ್ಲಿಸಿ ನೋಡೋಣ ಅಂತಿದ್ದೆ, ಪಾದದಲ್ಲೇ ಮುಗೀತಿತ್ತೇನೋ. ಇಷ್ಟು ಪಥ್ಯದಲ್ಲೂ ರಕ್ತ ಹೀಗಿದೆ ಅಂದ್ರೆ ಕಾಯೋದ್ರಲ್ಲಿ ಅರ್ಥ ಇಲ್ಲಮ್ಮ. ಮಂಡಿ ಮೇಲಿಂದಲೇ ಕಾಲು ತೆಗೀಬೇಕು." ಈ ತಿಂಗಳು ಇಪ್ಪತ್ತೊಂದು, ಸೋಮವಾರ ಎಂದು ಗೊತ್ತುಮಾಡಿದ್ದಾರೆ. ಮಂಡಿ ಉಳಿದರೆ ಮರದ ಕಾಲು ಕಟ್ಟಿಕೊಂಡು ಬಾಗಿಲ ಮೂರು ಮೆಟ್ಟಿಲಾದರೂ ಇಳಿದಾನು. ಮಂಡಿಯೇ ಹೋದರೆ ಆ ದೊಡ್ಡ ಆಳನ್ನು ನಾನು ಒಬ್ಬಳೇ ಹೇಗೆ ಎತ್ತಲಿ. ಅವನಿಗೆ ಇನ್ನೂ ಮಂಡಿಯ ವಿಷಯ ಹೇಳಿಲ್ಲ. ಬರುವ ಬೇಸಿಗೆಗೆ ತೊಗಟೆ ಸುಲಿಯುವ ಕೊಡಲಿ ಹರಿತ ಮಾಡಿಸಿಡು ಎಂದು ನನಗೆ ಹೇಳಿ ಕಳಿಸಿದ್ದಾನೆ.

ಕಾಗದ ಮುಗಿಯಿತು. ನೀನು ಬೆಚ್ಚಗಿರು, ಒದ್ದೆ ಕಾಲಲ್ಲಿ ಓಡಾಡಬೇಡ. ದೇವಮಾತೆ ನಿನ್ನನ್ನೂ ಮಕ್ಕಳನ್ನೂ ಕಾಯಲಿ. ದೊಡ್ಡವಳು ನೀನು, ನಮಗಾಗಿ ಒಂದು ಮೇಣದಬತ್ತಿ ಹಚ್ಚು.

ನಿನ್ನ ತಂಗಿ
ಎತೆಲ್ವಿನಾ

ಇನ್ನೊಂದು ಮಾತು. ಲಕೋಟೆ ಅಂಟಿಸಿದ್ದೆ, ಬಿಡಿಸಿ ಬರೆಯುತ್ತಿದ್ದೇನೆ. ಆ ಡಬ್ಬಿಯಲ್ಲಿ ಹಸುವಿನ ಕೆಳಗೆ ಅಕ್ಷರಗಳಿದ್ದವು. ನಾನು ತಡವರಿಸದೆ ಓದುವ ಕೆಲವೇ ಮಾತುಗಳಲ್ಲಿ ಸಕ್ಕರೆ ಒಂದು, ಅಮ್ಮನ ನೀಲಿ ಭರಣಿಯ ಮೇಲೆ ಬರೆದಿರುತ್ತಿತ್ತು. ಮೊದಲ ಡಬ್ಬಿಯಲ್ಲೇ ಓದಿದೆ ಅಕ್ಕ. ಓದಿ, ಬಿಸಿನೀರಲ್ಲಿ ನೆನೆಸಿ ಕಾಗದ ಕಿತ್ತು ಒಲೆಗೆ ಹಾಕಿದೆ. ಆಮೇಲೆ ಪ್ರತಿ ಡಬ್ಬಿಗೂ ಹಾಗೇ ಮಾಡಿದೆ. ಆಸ್ಪತ್ರೆಗೂ ಭಾನುವಾರ ಭಾನುವಾರ ಮೂರು ಒಯ್ದೆ, ಸಕ್ಕರೆ ಹಾಕಿಲ್ಲ ಎಂದು ನರ್ಸಿಗೆ ಹೇಳಿದೆ. ಈಗ ನಿಜ ಹೇಳಿದರೆ ತಾಯಿಯ ಮೇಲೆ ಆಣೆಯಿಟ್ಟವನ ಮುಖ ಹೇಗೆ ನೋಡಲಿ. ಮೊನ್ನೆ ಭಾನುವಾರದ್ದೇ ಕಡೆಯದು, ಇನ್ನು ಒಯ್ಯುವುದಿಲ್ಲ. ಸಕ್ಕರೆ ಬಿಟ್ಟ ಹತ್ತು ದಿನಕ್ಕೆ ರಕ್ತ ಸರಿಹೋಗುತ್ತದೆ ಎಂದು ಅಲ್ಲಿನ ಡಾಕ್ಟರು ಹೇಳಿದರು ಅಂತ ನೀನು ಬರೆದಿದ್ದೆ. ಅದು ಹತ್ತೇ ದಿನವೋ, ನಾನು ಬಾಯಿ ಬಿಡದಿದ್ದರೂ ಇಪ್ಪತ್ತೊಂದರೊಳಗೆ ರಕ್ತದ ಸಕ್ಕರೆ ತಾನಾಗಿ ಇಳಿದು ಮಂಡಿ ಉಳಿದೀತೋ, ಅದೊಂದನ್ನು ಇನ್ನೊಂದು ಸಲ ಕೇಳಿ ನೋಡು. ಕಾಗದ ತಡವಾಗುತ್ತದೆ, ಚೌಕದ ಕೆಫೆಗೆ ಫೋನ್ ಮಾಡಿ "ಹತ್ತು, ಹೌದು" ಅಥವಾ "ಹತ್ತು ಅಲ್ಲ" ಎಂದು ಅಷ್ಟೇ ಹೇಳಿಸು.