ಕಲಾವತಿ ಹರಿದು ಹಾಕಿದ ಕವಿತೆ

೧೪ ಅಕ್ಟೋಬರ್, ಮಂಗಳವಾರ

ಕಲಾವತಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಜೂನ್‌ನಲ್ಲಿ ನಮ್ಮ ಎಂ.ಎ. ತರಗತಿಯಲ್ಲಿ ಅವಳೊಂದು ಕವಿತೆ ಓದಿದ್ದಳು. ಗಾರ್ಮೆಂಟ್ಸ್‌ಗೆ ಹೋಗುವ ಅವ್ವ ಭಾನುವಾರ ದೀಪಾಂಜಲಿ ನಗರದ ತಾರಸಿಯಲ್ಲಿ ಕೂತು ಕೂದಲು ಒಣಗಿಸಿಕೊಳ್ಳುತ್ತಾಳೆ, ಅಷ್ಟೇ. ನಾನು ಎದ್ದು ನಿಂತು, "ಇದರಲ್ಲಿ ಹೋರಾಟ ಎಲ್ಲಿದೆ?" ಎಂದಿದ್ದೆ. ವಾರದ ರಜೆಯ ಹಕ್ಕಿನ ಕರಪತ್ರ ಆಗ ನನ್ನ ಚೀಲದಲ್ಲೇ ಇತ್ತು.

ನಾಲ್ಕು ತಿಂಗಳು ತರಗತಿಯಲ್ಲಿ ಕವಿತೆಗಳನ್ನು ನಿಧಾನವಾಗಿ ಓದಲು ಕಲಿತ ಮೇಲೆ ಇವತ್ತು ಆ ಭಾನುವಾರದ ಅರ್ಥ ಕಂಡಿತು. ಆ ಅವ್ವನಿಗೆ ಬಿಸಿಲು ಸಿಗುವುದೇ ವಾರಕ್ಕೊಂದು ದಿನ. ಮೆಟ್ರೋದಲ್ಲಿ ಕಲಾವತಿಯನ್ನು ಕೇಳಿದೆ, "ಆ ಕವಿತೆ ಇನ್ನೊಂದ್ಸಲ ಕೊಡ್ತೀಯಾ?"

"ಅವತ್ತೇ ಹರದ್ ಒಗದೇನ್ರಿ. ನೀವ್ ಹೇಳಿದ್ದು ಖರೆ ಅನಸ್ತು. ಈಗ ಹೋರಾಟದ್ದೇ ಬರೀತೀನಿ, ನೋಡ್ರಿ."

ಅವಳು ತೋರಿಸಿದ ಹೊಸ ಕವಿತೆಯ ತುಂಬ ಘೋಷಣೆಗಳು. ಅವ್ವ ಎಲ್ಲೂ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ" ಅಂದುಬಿಟ್ಟೆ.