ಪೀಠ ಒರೆಸಿದ ಬಟ್ಟೆ

ಅಕ್ಕನಿಗೆ ನಮಸ್ಕಾರ.

ನಮ್ಮ ಮಠದಲ್ಲಿ ವಿಗ್ರಹವಿಲ್ಲ, ಗ್ರಂಥವೇ ದೇವರು. ಹರಿಯ ಮುಂದೆ ಮೇಲು ಕೀಳಿಲ್ಲ, ಯಾರು ಬೇಕಾದರೂ ಅದನ್ನು ಮುಟ್ಟಬಹುದೆಂದು ಹನ್ನೊಂದು ವರ್ಷದಿಂದ ಪ್ರವಚನ ಮಾಡುತ್ತಿರುವವನು ನಾನೇ. ಮೊನ್ನೆ ನೀನು ಆಸ್ಪತ್ರೆಯ ಶವಾಗಾರ ತೊಳೆದು, ನೇರವಾಗಿ ಬಂದು ಗ್ರಂಥದ ಪೀಠಕ್ಕೆ ಹಣೆ ಹಚ್ಚಿದೆ. ನೀನು ಪೂರ್ತಿ ಏಳುವುದರೊಳಗೆ ನಾನು ಒದ್ದೆ ಬಟ್ಟೆಯಿಂದ ಪೀಠ ಒರೆಸತೊಡಗಿದ್ದೆ. ಯಾರೂ ಹೇಳಿರಲಿಲ್ಲ, ಕೈ ತಾನಾಗಿಯೇ ಹೋಯಿತು.

ಇನ್ನು ಪ್ರವಚನಕ್ಕೆ ಕೂರುವುದಿಲ್ಲವೆಂದು ಗುರುಗಳಿಗೆ ಹೇಳಿದ್ದೇನೆ. ಕಾರಣ ಇನ್ನೂ ಹೇಳಿಲ್ಲ. ಭಾನುವಾರ ಬಾ. ಗ್ರಂಥವನ್ನು ನೀನೇ ಎತ್ತಿ ಪೀಠದ ಮೇಲಿಡು, ಆಮೇಲೆ ಅವರಿಗೆ ಎಲ್ಲ ಹೇಳುತ್ತೇನೆ.

ಆ ಬಟ್ಟೆಯನ್ನು ಇನ್ನೂ ಒಗೆದಿಲ್ಲ. "ಈ ಮೂಲೆ ಬಿಟ್ಟೆಯಲ್ಲೋ" ಅಂತ ನನ್ನ ಕೈಯಿಂದ ತೆಗೆದುಕೊಂಡು, ನೀನೇ ಒರೆಸಿಕೊಟ್ಟೆಯಲ್ಲ, ಅದೇ ಬಟ್ಟೆ.

ನಿನ್ನ ತಮ್ಮ